ಈಡಿಪಸ್ ಬಿದ್ದಿದ್ದು ಅಹಂಕಾರದಿಂದ ಅಲ್ಲ

ಪರೀಕ್ಷೆಲಿ ಎಲ್ರೂ ಬರೆಯೋ ಉತ್ತರ ನಿಮಗೂ ಬಾಯಿಪಾಠ: ದುರಂತ ನಾಯಕ ಅಂದ್ರೆ ದೊಡ್ಡ ಮನುಷ್ಯ, ಅವನಲ್ಲಿ ಒಂದು ದೋಷ, ಆ ದೋಷದಿಂದ ಪತನ. ಯಾವ ದೋಷ? ಅಹಂಕಾರ. ಮುಗೀತು.

ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳ್ತೀನಿ, ಸ್ವೈಪ್ ಮಾಡ್ತಾ ಓದಿ 👇

1️⃣ ಮೊದಲು ಪದ ನೋಡಿ. ಅರಿಸ್ಟಾಟಲ್ 'ಪೊಯೆಟಿಕ್ಸ್'ನ 13ನೇ ಅಧ್ಯಾಯದಲ್ಲಿ ಬಳಸೋದು 'ಹಮಾರ್ತಿಯಾ' ಅನ್ನೋ ಪದ. ಅದರ ಮೂಲ ಕ್ರಿಯಾಪದಕ್ಕೆ ಗುರಿ ತಪ್ಪೋದು ಅಂತ ಅರ್ಥ. ಹೋಮರ್ ಅದನ್ನ ಗುರಿ ತಪ್ಪಿದ ಈಟಿಗೆ ಬಳಸ್ತಾನೆ. ನಾಯಕ ಬೀಳೋದು ಕೆಟ್ಟತನದಿಂದ ಅಲ್ಲ, ಇಂಥದ್ದೊಂದು ತಪ್ಪಿನಿಂದ ಅಂತಾನೆ ಅರಿಸ್ಟಾಟಲ್. ನಾವು ಉರು ಹೊಡೆಯೋ 'ಹ್ಯೂಬ್ರಿಸ್' ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ.

2️⃣ ಈಗ ಸೋಫೋಕ್ಲಿಸ್‌ನ ಈಡಿಪಸ್. ತಂದೆಯನ್ನ ಕೊಂದು ತಾಯಿಯನ್ನ ಮದುವೆ ಆಗ್ತೀಯ ಅಂತ ಡೆಲ್ಫಿಯಲ್ಲಿ ಕೇಳಿಸ್ಕೊಂಡ. ಸಾಕಿದವರನ್ನೇ ಹೆತ್ತವರು ಅಂದ್ಕೊಂಡು, ಅವರಿಗೆ ಕೇಡಾಗಬಾರದು ಅಂತ ಕಾರಿಂಥ್‌ಗೆ ವಾಪಸ್ ಹೋಗಲೇ ಇಲ್ಲ. ದಾರಿಯಲ್ಲಿ, ಮೂರು ರಸ್ತೆ ಸೇರೋ ಕಡೆ, ತನಗೆ ಹೊಡೆದ ಮುದುಕನನ್ನ ಕೊಂದ. ಅವನೇ ನಿಜವಾದ ತಂದೆ. ಕೋಪ ಇತ್ತಲ್ವಾ ಅಂತೀರಾ? ಇತ್ತು. ಆದ್ರೆ ಕೋಪ ಅವನನ್ನ ಕೊಲೆಗಾರನನ್ನಾಗಿ ಮಾಡಿತು, ಅಷ್ಟೇ. ಪಿತೃಹಂತಕನನ್ನಾಗಿ ಮಾಡಿದ್ದು ಅವನಿಗೆ ಗೊತ್ತಿಲ್ಲದೇ ಇದ್ದ ಸತ್ಯ.

3️⃣ ಹಾಗಾದ್ರೆ ಅವನನ್ನ ನಾಯಕನನ್ನಾಗಿ ಮಾಡೋದು ಏನು? ನನ್ನ ಪ್ರಕಾರ, ನಿಲ್ಲಿಸಬಹುದಾಗಿದ್ದಾಗ ಅವನು ನಿಲ್ಲಿಸಲಿಲ್ಲ ಅನ್ನೋದು. ಯೊಕಾಸ್ತಾಗೆ ಆಗಲೇ ಎಲ್ಲ ಅರ್ಥ ಆಗಿದೆ, ಸಾಕು ಬಿಡು ಅಂತ ಬೇಡ್ಕೋತಾಳೆ. ಮುದಿ ಕುರುಬ ಬಾಯಿ ಬಿಡೋಕೆ ಹೆದರ್ತಾನೆ. ಇವನು ಕೇಳದೆ ಬಿಡಲ್ಲ. ಯಾಕಂದ್ರೆ ಥೀಬ್ಸ್ ಪಿಡುಗಿನಿಂದ ಸಾಯ್ತಾ ಇದೆ, ಹಿಂದಿನ ದೊರೆಯನ್ನ ಕೊಂದವನನ್ನ ಹುಡುಕ್ತೀನಿ ಅಂತ ಮಾತು ಕೊಟ್ಟಿದ್ದಾನೆ. ಪ್ರಶ್ನೆಯನ್ನ ಅರ್ಧಕ್ಕೆ ಬಿಡದ ಇದೇ ಗುಣದಿಂದ ಅವತ್ತು ಸ್ಫಿಂಕ್ಸ್‌ನ ಒಗಟು ಬಿಡಿಸಿ ಊರು ಉಳಿಸಿದ್ದ. ಇವತ್ತು ಅದೇ ಗುಣ ಅವನ ಬದುಕನ್ನ ಮುಗಿಸುತ್ತೆ. ಸತ್ಯ ಗೊತ್ತಾದ ಮೇಲೆ ನುಣುಚಿಕೊಳ್ಳಲ್ಲ. ಕೊಲೆಗಾರನಿಗೆ ಅಂತ ತಾನೇ ಸಾರಿದ್ದ ಗಡೀಪಾರನ್ನ ತನಗೇ ಕೇಳ್ಕೋತಾನೆ.

4️⃣ ಅಹಂಕಾರ ಗ್ರೀಕ್ ನಾಟಕದಲ್ಲಿ ಇಲ್ಲ ಅಂತಲ್ಲ. ಸೋಫೋಕ್ಲಿಸ್‌ನ ಇನ್ನೊಬ್ಬ ನಾಯಕ ಏಜಾಕ್ಸ್, ದೇವರ ನೆರವೇ ಬೇಡ ಅಂದವನು. ಬಿ.ಎಂ.ಶ್ರೀ ಆ ನಾಟಕವನ್ನ ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದ್ರು. ಒಬ್ಬೊಬ್ಬರ ತಪ್ಪು ಒಂದೊಂದು ಥರ. ಎಲ್ರಿಗೂ ಒಂದೇ ಲೇಬಲ್ ಅಂಟಿಸಬೇಡಿ.

5️⃣ ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. 'ಅಹಂಕಾರಕ್ಕೆ ತಕ್ಕ ಶಾಸ್ತಿ' ಅಂದ್ಬಿಟ್ರೆ ನಾವು ಸೇಫ್: ನನಗೆ ಅಹಂಕಾರ ಇಲ್ಲ, ಹಾಗಾಗಿ ನನಗೇನೂ ಆಗಲ್ಲ! ಬಿದ್ದವರನ್ನ ನೋಡಿದಾಗೆಲ್ಲ ನಾವು ಮಾಡೋದೂ ಇದನ್ನೇ, ಅವರದೇ ಒಂದು ತಪ್ಪು ಹುಡುಕಿ ನಿಟ್ಟುಸಿರು ಬಿಡ್ತೀವಿ. ಆದ್ರೆ ನಮ್ಮಂಥವನೇ ಬೀಳೋದನ್ನ ನೋಡಿದಾಗ ಭಯ ಹುಟ್ಟುತ್ತೆ ಅಂತ ಅರಿಸ್ಟಾಟಲ್ ಹೇಳ್ತಾನೆ. ಆ ಭಯ ಆಗಲಿಲ್ಲ ಅಂದ್ರೆ ನೀವು ನಾಟಕ ಓದಿಲ್ಲ, ಬರೀ ನೋಟ್ಸ್ ಓದಿದ್ದೀರಿ.

ಕನ್ನಡದಲ್ಲೇ ಓದಬೇಕಾ? ಪಿ. ಲಂಕೇಶ್ ಅನುವಾದ ಮಾಡಿರೋ 'ದೊರೆ ಈಡಿಪಸ್' ಹುಡುಕಿ.

ಕಾಮೆಂಟಲ್ಲಿ ಹೇಳಿ: 'ಆಂಟಿಗೊನೆ'ಯಲ್ಲಿ ದುರಂತ ನಾಯಕ ಯಾರು, ಆಂಟಿಗೊನೆನಾ ಕ್ರಿಯಾನ್ನಾ? ಮುಂದಿನ ಪೋಸ್ಟ್ ಅದರ ಮೇಲೇ.

#ಗ್ರೀಕ್‌ನಾಟಕ #ಈಡಿಪಸ್ #ದುರಂತನಾಯಕ #ಕನ್ನಡದಲ್ಲಿಓದು