ಬಾಗಲಾ ಬಡಕೊಂಡ್ರ ಒಲಿ ಆರಬೇಕೇನು?

ಕಮಲಾಪುರದಾಗ ನೆಟ್ ನಿಲ್ಲಂಗಿಲ್ಲ, ಮನ್ಯಾಗ ಕುಂತು ಕಂಪನಿ ಕೆಲಸ ಮಾಡೋ ಸೊಸೆಂದ್ರು ಕಲಬುರಗಿಗೆ ಹೋಗಿ ಖೋಲಿ ಹಿಡೀಲಿ, ಇಲ್ಲಾ ನೌಕರಿ ಬಿಡ್ಲಿ ಅಂತ ನಮ್ಮ ಪೈಕಿ ಭಾಳ ಮಂದಿ ಅಂತಾರ. ನಾ ಒಪ್ಪಂಗಿಲ್ಲ ನೋಡ್ರಿ.

ಕರೀ ಪರದೆ ಮ್ಯಾಲ ಬಿಳೀ ಅಕ್ಷರ ಓಡ್ತಾವಲ್ಲ, ಅದು ಟರ್ಮಿನಲ್. ಹುಡುಗಿ ಇಲ್ಲಿ ಟೈಪ್ ಮಾಡ್ತಾಳ, ಕೆಲಸ ನಡೆಯೋದು ದೂರದ ಕಂಪ್ಯೂಟರಿನಾಗ. ನಡುವಿನ ದಾರಿಗೆ ಎಸ್ಎಸ್ಎಚ್ ಅಂತಾರ. ನೆಟ್ ಹೋಗಿ ಈ ದಾರಿ ಕಡದ್ರ, ಅಲ್ಲಿ ನಡದಿದ್ದ ಕೆಲಸಾನೂ ಹೆಚ್ಚಾಗಿ ಅರ್ಧಕ್ಕ ನಿಲ್ತದ. ಬಾಗಲಾ ಬಡಕೊಂಡದ್ದಕ್ಕ ಒಲಿ ಆರಿ ಬ್ಯಾಳಿ ಅರೆಬೆಂದು ಉಳದಂಗ!

ಇದಕ್ಕ ಉಪಾಯ ಹಳೇದೇ ಅದ. 1987ರಾಗ ಸ್ಕ್ರೀನ್ ಅನ್ನೋ ಪ್ರೋಗ್ರಾಂ ಬಂತು, 2007ರಾಗ ಟೀಮಕ್ಸ್. ಎರಡೂ ಪುಕ್ಕಟೆ. ದೂರದ ಕಂಪ್ಯೂಟರಿನಾಗ ಮೊದಲು ಟೀಮಕ್ಸ್ ತೆರೆದು, ಅದರೊಳಗ ಕೆಲಸ ಹಚ್ಚಬೇಕು. ಆಮ್ಯಾಲ ನೆಟ್ ಹೋದ್ರೂ ಬ್ಯಾಳಿ ಅಲ್ಲಿ ಕುದೀತಿರ್ತದ. ನೆಟ್ ಬಂದಾಗ ‘ಟೀಮಕ್ಸ್ ಅಟ್ಯಾಚ್’ ಅಂತ ಹೊಡದ್ರ ಅದೇ ಪರದೆ ಮತ್ತ ಎದುರಿಗೆ. 2012ರಾಗ ಬಂದ ಮಾಶ್ ಅಂತೂ ವೈಫೈ ಬಿಟ್ಟು ಮೊಬೈಲ್ ನೆಟ್ಟಿಗೆ ಹಾರಿದ್ರೂ ಕೈ ಬಿಡಂಗಿಲ್ಲ. ಆದ್ರ ಅದು ಎರಡೂ ಕಡೆ ಹಾಕಿರಬೇಕು.

ವಿಡಿಯೋ ಮೀಟಿಂಗಿಗೆ ಗಟ್ಟಿ ನೆಟ್ಟೇ ಬೇಕು, ಖರೆ. ಆ ಕಡೆ ಕಂಪ್ಯೂಟರೇ ಬಂದ್ ಬಿದ್ರ ಟೀಮಕ್ಸೂ ಏನೂ ಮಾಡಂಗಿಲ್ಲ. ಆದ್ರೂ ಅಕ್ಕಾ, ತಂಗಿ, ದುಡಿಯೋ ಹುಡುಗಿಗೆ ನೌಕರಿ ಬಿಡು ಅನ್ನೂಕಿಂತ ಮೊದಲು, “ಟೀಮಕ್ಸ್ ಒಳಗ ಹಚ್ಚೀ ಏನವಾ?” ಅಂತ ಒಂದ್ ಮಾತು ಕೇಳ್ರಿ. ನೆಟ್ ಹತ್ತು ನಿಮಿಷಕ್ಕ ತಿರುಗಿ ಬರ್ತದ, ಬಿಟ್ಟ ನೌಕರಿ ಬರಂಗಿಲ್ಲ.