ಕೇಳುವ ಮೊದಲೇ ಬಿಟ್ಟುಕೊಟ್ಟ ರೈಲು

ಜಪಾನಿನಲ್ಲಿ ಒಬ್ಬಳೇ ಶಾಲಾ ಬಾಲಕಿಗಾಗಿ ರೈಲು ನಿಲ್ದಾಣವೊಂದನ್ನು ವರ್ಷಗಟ್ಟಲೆ ತೆರೆದಿಟ್ಟಿದ್ದರಂತೆ ಎಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು. ನೀವೂ ಅದನ್ನು ನಾಲ್ಕು ಮಂದಿಗೆ ಕಳುಹಿಸಿರಬಹುದು. ಆ ಸುದ್ದಿಯಲ್ಲಿ ಅರ್ಧ ನಿಜವಿದೆ. ಹೊಕ್ಕೈಡೊ ದ್ವೀಪದ ಕ್ಯೂ-ಶಿರಾತಾಕಿ ಎಂಬ ನಿಲ್ದಾಣದಿಂದ ಹೈಸ್ಕೂಲ್ ಹುಡುಗಿಯೊಬ್ಬಳು ಶಾಲೆಗೆ ಹೋಗುತ್ತಿದ್ದುದು ಹೌದು. ಆಕೆಯ ಓದು ಮುಗಿದ ತಿಂಗಳಲ್ಲೇ, ಅಂದರೆ 2016ರ ಮಾರ್ಚ್‌ನಲ್ಲಿ, ಆ ನಿಲ್ದಾಣ ಮುಚ್ಚಿದ್ದೂ ಹೌದು. ಆದರೆ ಅಲ್ಲಿ ರೈಲುಗಳ ವೇಳಾಪಟ್ಟಿ ಬದಲಾಗುವುದು ಮಾರ್ಚ್‌ನಲ್ಲಿ. ಶಾಲಾ ವರ್ಷ ಮುಗಿಯುವುದೂ ಮಾರ್ಚ್‌ನಲ್ಲೇ. ಪ್ರಯಾಣಿಕರಿಲ್ಲದ ನಿಲ್ದಾಣ ಹೊಸ ವೇಳಾಪಟ್ಟಿಯೊಂದಿಗೆ ಮುಚ್ಚಿತು. ಅದರ ಜೊತೆ ನೆರೆಯ ಇನ್ನೆರಡು ನಿಲ್ದಾಣಗಳೂ ಮುಚ್ಚಿದವು.

ಕಣ್ಣು ತೇವಗೊಳಿಸುವ ಆ ಕತೆ ಅಷ್ಟಕ್ಕೇ ಇರಲಿ. ಅದೇ ದ್ವೀಪದ ಇನ್ನೊಂದು ರೈಲು ಮಾರ್ಗದ ಕತೆ ನಮಗೆ ಹೆಚ್ಚು ಪಾಠ ಹೇಳುತ್ತದೆ. ಅದು ಯೂಬಾರಿ ಎಂಬ ಗಣಿ ಊರಿನ ರೈಲು.

ಯೂಬಾರಿಯ ಬೆಟ್ಟಗಳಲ್ಲಿ ಹೇರಳವಾದ ಕಲ್ಲಿದ್ದಲು ಇರುವುದು 1888ರಲ್ಲಿ ಗೊತ್ತಾಯಿತು. ಅದನ್ನು ಬಂದರಿಗೆ ಸಾಗಿಸಲೆಂದೇ 1892ರಲ್ಲಿ ಗಣಿ ಕಂಪೆನಿ ಅಲ್ಲಿಗೆ ಹಳಿ ಹಾಕಿತು. 1906ರಲ್ಲಿ ಸರಕಾರ ಆ ಮಾರ್ಗವನ್ನು ವಹಿಸಿಕೊಂಡಿತು. ಕಲ್ಲಿದ್ದಲು ಕೆಳಗಿಳಿಯಿತು, ಜನ ಮೇಲೇರಿ ಬಂದರು. 1960ರ ಹೊತ್ತಿಗೆ ಆ ಕಣಿವೆಯಲ್ಲಿ 1 ಲಕ್ಷ 16 ಸಾವಿರ ಜನರಿದ್ದರು. ಜಪಾನಿನಲ್ಲಿ ಉಗಿಬಂಡಿ ಎಳೆದ ಕೊನೆಯ ಗೂಡ್ಸ್ ರೈಲು 1975ರ ಡಿಸೆಂಬರ್ 24ರಂದು ಓಡಿದ್ದು ಇದೇ ಮಾರ್ಗದಲ್ಲಿ, ಕಲ್ಲಿದ್ದಲು ಹೊತ್ತುಕೊಂಡು.

ಆ ವೇಳೆಗಾಗಲೇ ಜಪಾನ್ ಪೆಟ್ರೋಲಿಯಮ್ಮಿಗೆ ಹೊರಳಿತ್ತು. ಗಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. 1981ರ ಅಕ್ಟೋಬರ್ 16ರಂದು ಹೊಸ ಗಣಿಯೊಂದರ ಆಳದಲ್ಲಿ ಅನಿಲ ನುಗ್ಗಿ ಬೆಂಕಿ ಹೊತ್ತಿಕೊಂಡಿತು. 93 ಮಂದಿ ಸತ್ತರು. ಒಳಗೆ ಸಿಕ್ಕಿಬಿದ್ದವರು ಇನ್ನೂ ಪತ್ತೆಯಾಗಿರಲಿಲ್ಲ. ಆಗಲೇ ಬೆಂಕಿ ನಂದಿಸಲು ಗಣಿಗೆ ನೀರು ತುಂಬಿಸಲಾಯಿತು. ಹೊರಗೆ ಕಾದು ನಿಂತಿದ್ದ ತಾಯಂದಿರ, ಪತ್ನಿಯರ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಮರುವರ್ಷ ಆ ಗಣಿ ಮುಚ್ಚಿತು. 1990ರಲ್ಲಿ ಊರಿನ ಕೊನೆಯ ಗಣಿಯೂ ಮುಚ್ಚಿತು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ. ದುಡಿಮೆ ನಿಂತ ಮನೆಯವರು ಹಳೆಯ ಡೌಲು ಬಿಡಲಾಗದೆ ಸಾಲ ಮಾಡಿದಂತೆ ಯೂಬಾರಿ ನಗರಸಭೆಯೂ ಮಾಡಿತು. ಕಲ್ಲಿದ್ದಲಿನ ಬದಲು ಪ್ರವಾಸಿಗರು ಬರುತ್ತಾರೆಂದು ವಸ್ತು ಸಂಗ್ರಹಾಲಯ, ಮನೋರಂಜನಾ ಪಾರ್ಕ್, ಹೋಟೆಲ್, ಹಿಮಜಾರಾಟದ ಮೈದಾನ ಎಂದು ಹಣ ಸುರಿಯಿತು. ರೈಲು ನಿಲ್ದಾಣವನ್ನೇ ಎರಡು ಸಲ ಸ್ಥಳಾಂತರಿಸಲಾಯಿತು; 1990ರಲ್ಲಿ ಅದು ಹಿಮಜಾರಾಟದ ಹೋಟೆಲಿನ ಎದುರಿಗೆ ಬಂದು ನಿಂತಿತು. ನಿರೀಕ್ಷಿಸಿದಷ್ಟು ಪ್ರವಾಸಿಗರು ಬರಲಿಲ್ಲ. ಸಾಲ ಮಾತ್ರ ಬೆಳೆಯಿತು. ಅದನ್ನು ಒಪ್ಪಿಕೊಳ್ಳುವ ಬದಲು, ಒಂದು ಖಾತೆಯ ಕೊರತೆಗೆ ಇನ್ನೊಂದು ಖಾತೆಯಿಂದ ತಾತ್ಕಾಲಿಕ ಸಾಲ ತೋರಿಸಿ ಲೆಕ್ಕವನ್ನು ಚೊಕ್ಕಟವಾಗಿ ಕಾಣಿಸಲಾಯಿತು. 2006ರಲ್ಲಿ ಗುಟ್ಟು ರಟ್ಟಾಯಿತು. ಮರುವರ್ಷ ಊರು ಅಧಿಕೃತವಾಗಿ ದಿವಾಳಿಯಾಯಿತು. ತೀರಿಸಬೇಕಾದ ಮೊತ್ತ ಸುಮಾರು 3,530 ಕೋಟಿ ಯೆನ್. ಊರಲ್ಲಿ ಉಳಿದಿದ್ದವರು ಸುಮಾರು 13 ಸಾವಿರ ಮಂದಿ.

ಬೆಲೆ ತೆತ್ತವರು ಯಾರು? ಲೆಕ್ಕ ಮುಚ್ಚಿಟ್ಟವರಲ್ಲ. 171 ಹಾಸಿಗೆಗಳ ಆಸ್ಪತ್ರೆ 19 ಹಾಸಿಗೆಗಳ ಚಿಕಿತ್ಸಾಲಯವಾಯಿತು. ಗ್ರಂಥಾಲಯ ಮುಚ್ಚಿತು. ಶಾಲೆಗಳನ್ನು ವಿಲೀನಗೊಳಿಸುತ್ತಾ ಕೊನೆಗೆ ಇಡೀ ಊರಿಗೆ ಒಂದು ಪ್ರಾಥಮಿಕ ಶಾಲೆ, ಒಂದು ಮಾಧ್ಯಮಿಕ ಶಾಲೆ ಉಳಿದವು. ತೆರಿಗೆ ಏರಿತು. ಹೋಗಬಲ್ಲವರು ಊರು ಬಿಟ್ಟು ಹೋದರು. ಹೋಗಲಾಗದ ವೃದ್ಧರು ಉಳಿದರು.

ಆ ಸಮಯದಲ್ಲಿ ಟೋಕಿಯೊ ಆಡಳಿತದಿಂದ ಯುವ ನೌಕರನೊಬ್ಬನನ್ನು ಸಹಾಯಕ್ಕೆಂದು ಅಲ್ಲಿಗೆ ಕಳುಹಿಸಲಾಗಿತ್ತು. ಹೆಸರು ನವೊಮಿಚಿ ಸುಝುಕಿ. ತಾಯಿಯೊಬ್ಬರೇ ಸಾಕಿದ ಹುಡುಗ. ಹಗಲು ದುಡಿದು ರಾತ್ರಿ ಕಾಲೇಜಿನಲ್ಲಿ ಓದಿದವರು. 2011ರಲ್ಲಿ, 30ನೇ ವಯಸ್ಸಿನಲ್ಲಿ, ಅವರು ಅದೇ ಊರಿನ ಮೇಯರ್ ಆಗಿ ಆಯ್ಕೆಯಾದರು. ದಿವಾಳಿಯಾದ ಊರಿನ ಮೇಯರ್ ಸಂಬಳವನ್ನು ಶೇಕಡಾ 70ರಷ್ಟು ಕಡಿತಗೊಳಿಸಲಾಗಿತ್ತು.

ಇನ್ನು ರೈಲಿನ ವಿಷಯ. ಶಿನ್-ಯೂಬಾರಿಯಿಂದ ಯೂಬಾರಿಯವರೆಗೆ 16.1 ಕಿಲೋಮೀಟರ್ ಮಾರ್ಗ, ಆರು ನಿಲ್ದಾಣ. ಪ್ರಯಾಣಿಕರ ಸಂಖ್ಯೆ ದಿನಕ್ಕೆ ಸರಾಸರಿ ನೂರರ ಆಸುಪಾಸಿಗೆ ಇಳಿದಿತ್ತು. 2016ರ ಮಾರ್ಚ್‌ನಿಂದ ದಿನಕ್ಕೆ ಐದೇ ಸಲ ರೈಲು ಹೋಗಿ ಬರುತ್ತಿತ್ತು. ರೈಲ್ವೆ ಕಂಪೆನಿ ಜೆಆರ್ ಹೊಕ್ಕೈಡೊ ನಷ್ಟದಲ್ಲಿ ಮುಳುಗಿತ್ತು. ಇಂದಲ್ಲ ನಾಳೆ ಅದು ಈ ಮಾರ್ಗವನ್ನು ಮುಚ್ಚುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಇಂಥಲ್ಲಿ ಊರಿನ ನಾಯಕರು ಸಾಮಾನ್ಯವಾಗಿ ಏನು ಮಾಡುತ್ತಾರೆ? ರೈಲು ಉಳಿಸಿ ಎಂದು ಸಭೆ ಕರೆಯುತ್ತಾರೆ, ಮನವಿ ಕೊಡುತ್ತಾರೆ. ಕೊನೆಗೆ ರೈಲೂ ನಿಲ್ಲುತ್ತದೆ, ಊರಿನ ಕೈಗೆ ಏನೂ ಸಿಗುವುದಿಲ್ಲ.

ಸುಝುಕಿ ಹಾಗೆ ಮಾಡಲಿಲ್ಲ. 2016ರ ಆಗಸ್ಟ್‌ನಲ್ಲಿ ತಾವೇ ಕಂಪೆನಿಯ ಬಳಿ ಹೋದರು. ಮಾರ್ಗ ಮುಚ್ಚಲು ನಾವು ಒಪ್ಪುತ್ತೇವೆ, ಆದರೆ ಷರತ್ತುಗಳಿವೆ ಎಂದರು. ಹೊಸ ಸಾರಿಗೆ ವ್ಯವಸ್ಥೆ ಕಟ್ಟಲು ಸಹಕರಿಸಬೇಕು, ಬೇಕಾದ ಜಾಗ ಮತ್ತು ಕಟ್ಟಡ ಕೊಡಬೇಕು, ಕೆಲಸಕ್ಕೆ ತಮ್ಮ ನೌಕರರನ್ನು ಕಳುಹಿಸಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪೆನಿಯು ತನ್ನ ಜಾಲದ ಸುಮಾರು ಅರ್ಧದಷ್ಟನ್ನು, ಅಂದರೆ 1,237 ಕಿಲೋಮೀಟರ್ ಮಾರ್ಗವನ್ನು ತಾನೊಬ್ಬನೇ ನಡೆಸಲಾರೆ ಎಂದು ಘೋಷಿಸಿತು. ಉಳಿದ ಊರುಗಳು ಬೆಚ್ಚಿಬಿದ್ದಾಗ ಯೂಬಾರಿ ಆಗಲೇ ಮಾತುಕತೆಯಲ್ಲಿ ಕೂತಿತ್ತು. 2018ರಲ್ಲಿ ಒಪ್ಪಂದವಾಯಿತು. ಮುಂದಿನ ಸಾರಿಗೆಗಾಗಿ 75 ಕೋಟಿ ಯೆನ್ ಕೊಡಲು ಕಂಪೆನಿ ಒಪ್ಪಿತು.

2019ರ ಮಾರ್ಚ್ 31ರಂದು ಕೊನೆಯ ರೈಲು ಓಡಿತು. 1977ರ ಒಂದು ಪ್ರಸಿದ್ಧ ಜಪಾನಿ ಚಲನಚಿತ್ರದಲ್ಲಿ, ಜೈಲಿನಿಂದ ಬಿಡುಗಡೆಯಾದ ಗಂಡನಿಗಾಗಿ ಯೂಬಾರಿಯ ಹೆಂಡತಿಯೊಬ್ಬಳು ಹಳದಿ ಕರವಸ್ತ್ರಗಳನ್ನು ಹಾರಿಸಿ ಕಾಯುತ್ತಾಳೆ. ಆ ನೆನಪಿನಲ್ಲಿ ಜನರು ಹಳದಿ ಕರವಸ್ತ್ರ ಬೀಸಿ ರೈಲನ್ನು ಬೀಳ್ಕೊಟ್ಟರು. ಮರುದಿನ ಬೆಳಿಗ್ಗೆ ಅದೇ ದಾರಿಗೆ ಬಸ್ಸು ಬಂತು: ಐದರ ಬದಲು ಹತ್ತು ಸಲ. ಎಲ್ಲರೂ ಬಸ್ಸು ಬದಲಿಸುವ ಜಾಗದಲ್ಲಿ 2020ರಲ್ಲಿ ಹೊಸ ಕಟ್ಟಡ ತೆರೆಯಿತು. ಬಸ್ಸಿಗೆ ಕಾಯುವ ಮಕ್ಕಳಿಗೂ ವೃದ್ಧರಿಗೂ ಅಲ್ಲಿ ಬೆಚ್ಚಗೆ ಕೂರಲು ಜಾಗವಿದೆ, ಓದಲು ಪುಸ್ತಕಗಳಿವೆ. 13 ವರ್ಷಗಳ ಹಿಂದೆ ಕಳೆದುಕೊಂಡಿದ್ದ ಗ್ರಂಥಾಲಯದ ಒಂದು ಪಾಲು ಹೀಗೆ ಮರಳಿತು.

ಎಲ್ಲವೂ ಸುಖಾಂತ್ಯವಾಯಿತೆಂದು ಹೇಳಲಾಗದು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 7,334ಕ್ಕೆ ಇಳಿದಿತ್ತು. ಹೊಕ್ಕೈಡೊದ ಹಳ್ಳಿ ಬಸ್ಸುಗಳನ್ನೂ ಚಾಲಕರ ಕೊರತೆ ಕಾಡಿದೆ. ಕಿತ್ತ ಹಳಿ ಮರಳಿ ಬರುವುದಿಲ್ಲ, ಇಷ್ಟು ಬೇಗ ಒಪ್ಪಬಾರದಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ. 2019ರಲ್ಲೇ ಸುಝುಕಿ ಇಡೀ ಹೊಕ್ಕೈಡೊದ ಗವರ್ನರ್ ಆದರು. ಆ ಪ್ರಶ್ನೆ ಅವರ ಬೆನ್ನು ಬಿಟ್ಟಿಲ್ಲ.

ಆದರೂ ಒಂದೇ ಊರಿನ ಈ ಎರಡು ನಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲಿನವರು ಮುಗಿದುಹೋದುದನ್ನು ಮುಗಿಯಿತೆಂದು ಒಪ್ಪದೆ ಲೆಕ್ಕ ಮರೆಮಾಚಿದರು. ರೋಗಿಯ ಹಾಸಿಗೆ, ಮಗುವಿನ ಶಾಲೆ ಹೋಯಿತು. ನಂತರದವರು ಇರುವುದನ್ನು ಇದ್ದಂತೆ ಹೇಳಿ, ಕೈಯಲ್ಲಿ ಸ್ವಲ್ಪ ಬಲ ಇರುವಾಗಲೇ ಮಾತಾಡಿದರು. ವೃದ್ಧೆಯೊಬ್ಬಳು ಚಿಕಿತ್ಸಾಲಯಕ್ಕೆ ಹೋಗುವ ದಾರಿ ಉಳಿಯಿತು. ಊರಿಗೆ ಬೇಕಿದ್ದುದು ಹಳಿಯಲ್ಲ, ದಾರಿ.

ಜನಾಝ ನಮಾಝಿಗೆ ನಿಲ್ಲುವ ಮುನ್ನ ಮೃತರ ಮೇಲೆ ಸಾಲವಿದೆಯೇ ಎಂದು ಪ್ರವಾದಿ(ಸ) ವಿಚಾರಿಸುತ್ತಿದ್ದರೆಂದು ಓದಿದವರು ನಾವು. ಸಾಲವನ್ನು ಬಚ್ಚಿಡುವುದು ಎಷ್ಟು ಗಂಭೀರವೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ನೆಲಕಚ್ಚಿದ ವ್ಯಾಪಾರವನ್ನು ಮನೆಯವರಿಂದ ಮುಚ್ಚಿಟ್ಟು, ಮಗಳ ಮದುವೆಗೆ ಇನ್ನೊಂದು ಸಾಲ ಎತ್ತುವವರು ನಮ್ಮ ನಡುವೆಯೇ ಇದ್ದಾರಲ್ಲವೇ? ಗುಟ್ಟು ಒಡೆದ ದಿನ ಮೊದಲು ನಿಲ್ಲುವುದು ಅಜ್ಜಿಯ ಔಷಧಿ, ಮಕ್ಕಳ ಫೀಸು. ನಿಮ್ಮ ಮನೆಯಲ್ಲೂ ಅಂತಹದೊಂದು ಲೆಕ್ಕವಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಮನೆಯವರನ್ನು ಕೂರಿಸಿ ಹೇಳಿಬಿಡಿ. ಏನನ್ನು ಬಿಡಬೇಕು, ಯಾರನ್ನು ಕಾಪಾಡಬೇಕು ಎಂಬುದನ್ನು ಎಲ್ಲರೂ ಸೇರಿ ನಿರ್ಧರಿಸಲು ಇನ್ನೂ ಸಮಯವಿದೆ.