ಪರರ ಸೈನ್ಯದಲ್ಲಿ ಮಡಿದ ನಮ್ಮವರು

ಲಂಡನ್ ನಗರದ ಪಶ್ಚಿಮಕ್ಕೆ ಥೇಮ್ಸ್ ನದಿಯನ್ನು ನೋಡುವ ಗುಡ್ಡವೊಂದರ ಮೇಲೆ, ರನ್ನಿಮೀಡ್ ಎಂಬಲ್ಲಿ, ವಾಯುಸೇನೆಯವರ ಸ್ಮಾರಕವಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದಲೂ ಯೂರೋಪಿನ ನೆಲೆಗಳಿಂದಲೂ ಹೊರಟು ಹಿಂದಿರುಗದೆ, ಗೋರಿಯ ಗುರುತೂ ಉಳಿಯದೆ ಹೋದ 20,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅದರ ಗೋಡೆಗಳಲ್ಲಿ ಕೆತ್ತಿದ್ದಾರೆ. 1953ರ ಅಕ್ಟೋಬರಿನಲ್ಲಿ ಅದರ ಅನಾವರಣವಾಯಿತು. ಅಲ್ಲಿರುವವರಲ್ಲಿ ಬಹುಮಂದಿ ಬಾಂಬು ವಿಮಾನಗಳ ಸಿಬ್ಬಂದಿಯವರು: ವಿಮಾನ ನಡೆಸಿದವರು, ದಾರಿ ಲೆಕ್ಕಹಾಕಿದವರು, ನಿಸ್ತಂತು ಯಂತ್ರದ ಮುಂದೆ ಕುಳಿತವರು, ಬಾಲದ ಬಂದೂಕನ್ನು ಕಾದವರು. ಇವರ ನಡುವೆ ಇರುವ ಒಂದು ಹೆಸರು ನಮ್ಮ ದೃಷ್ಟಿಯನ್ನು ನೇರವಾಗಿ ಶ್ರೀರಂಗಪಟ್ಟಣದ ಕಡೆಗೆ ತಿರುಗಿಸುತ್ತದೆ. ಅದು ನೂರ್ ಇನಾಯತ್ ಖಾನ್ ಎಂಬುದು.

1799ರ ಮೇ 4ರಂದು ಟಿಪ್ಪು ಸುಲ್ತಾನನು ಕೋಟೆಯೊಳಗೆ ಮಡಿದ ಬಳಿಕ ಅವನ ಮಕ್ಕಳುಮರಿಗಳನ್ನು ಕಂಪೆನಿಯವರು ವೆಲ್ಲೂರಿಗೂ, 1806ರ ಅಲ್ಲಿನ ದಂಗೆಯ ತರುವಾಯ ಕಲ್ಕತ್ತೆಗೂ ಸಾಗಿಸಿದ ಸಂಗತಿಯನ್ನು ವಾಚಕರು ಬಲ್ಲರು. ಆ ವಂಶದ ಕನ್ಯೆಯೊಬ್ಬಳು, ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದು ಅನಂತರ ಬರೋಡೆಯಲ್ಲಿ ನೆಲೆಸಿದ ಸಂಗೀತಗಾರ ಮೌಲಾ ಬಕ್ಷರನ್ನು ವರಿಸಿದಳೆಂದು ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಮೌಲಾ ಬಕ್ಷರ ಮೊಮ್ಮಗನೇ ವೈಣಿಕರೂ ಸೂಫಿ ಗುರುಗಳೂ ಆದ ಇನಾಯತ್ ಖಾನರು; ಅವರ ಹಿರಿಯ ಮಗಳು ನೂರ್. 1914ರ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ, ಅಮೆರಿಕದ ತಾಯಿಯ ಮಡಿಲಲ್ಲಿ, ಪ್ಯಾರಿಸಿನ ನೆರೆಯಲ್ಲಿ ಬೆಳೆದ ಈಕೆ 1939ರಲ್ಲಿ ಬುದ್ಧನ ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಮಕ್ಕಳಿಗಾಗಿ ಬರೆದು ಪ್ರಕಟಿಸಿದರು. ಮೊಲವೂ ಕಪಿಯೂ ಪರರಿಗಾಗಿ ಪ್ರಾಣವನ್ನೊಪ್ಪಿಸುವ ಆ ಕಥೆಗಳನ್ನು ಹೇಳುತ್ತ ಇದ್ದ ಸಾಧು ಸ್ವಭಾವದ ತರುಣಿಗೆ ಯುದ್ಧವು ತಾನಾಗಿ ಅರಸಿ ಬಂದ ವಿಷಯವಲ್ಲ.

1940ರ ಜೂನಿನಲ್ಲಿ ಫ್ರಾನ್ಸ್ ದೇಶವು ಜರ್ಮನರ ಕೈಸೇರಿತು. ಇಂಗ್ಲೆಂಡಿಗೆ ಪಾರಾದ ನೂರ್ ಅದೇ ನವೆಂಬರಿನಲ್ಲಿ ವಾಯುಸೇನೆಯ ಮಹಿಳಾ ಸಹಾಯಕ ದಳವನ್ನು ಸೇರಿ ನಿಸ್ತಂತು ವಿದ್ಯೆಯನ್ನು ಕಲಿತರು. 1941ರಲ್ಲಿ ಅವರನ್ನು ನೇಮಿಸಿದ್ದು ಬಾಂಬು ವಿಮಾನಗಳ ತರಬೇತಿ ಶಾಲೆಯೊಂದಕ್ಕೆ. ಲ್ಯಾಂಕಾಸ್ಟರ್ ವಿಮಾನದ ಏಳು ಜನರಲ್ಲೊಬ್ಬನು ಆಕಾಶದಲ್ಲಿ ಮಾಡುತ್ತಿದ್ದ ಕೆಲಸವೂ ಈಕೆ ನೆಲದ ಮೇಲೆ ಮಾಡುತ್ತಿದ್ದ ಕೆಲಸವೂ ಒಂದೇ ವಿದ್ಯೆಯವು. ಆದರೆ ಅಲ್ಲಿನ ನಿತ್ಯದ ದುಡಿಮೆ ಈಕೆಗೆ ಸಾಲದಾಯಿತು. ಅಧಿಕಾರಿ ಪದವಿಗೆ ಅರ್ಜಿ ಹಾಕಿದರು. ಆ ಸಂದರ್ಭದಲ್ಲಿ ಪರೀಕ್ಷಕರು ಭಾರತದ ವಿಚಾರವೆತ್ತಿದಾಗ, ಯುದ್ಧ ಮುಗಿದ ಮೇಲೆ ಅವಶ್ಯಬಿದ್ದರೆ ಸ್ವದೇಶದ ಸ್ವಾತಂತ್ರ್ಯಕ್ಕಾಗಿ ಇಂಗ್ಲೆಂಡಿನ ವಿರುದ್ಧವೇ ನಿಲ್ಲಬೇಕಾದೀತೆಂದು ಆಕೆ ಅಂಜದೆ ನುಡಿದರೆಂದು ಚರಿತ್ರಕಾರರು ಬರೆದಿದ್ದಾರೆ. ಕೆಲಸ ಬೇಡಲು ಹೋದವರು ಕೆಲಸ ಕೊಡುವವರ ಮುಂದೆ ಹೀಗೆ ಮಾತನಾಡುವುದು ನಮ್ಮ ಕಚೇರಿಗಳಲ್ಲಿ ಇಂದಿಗೂ ಅಪರೂಪ.

1943ರ ಜೂನ್ 16ರ ರಾತ್ರಿ ಚಿಕ್ಕ ವಿಮಾನವೊಂದು ಅವರನ್ನು ಫ್ರಾನ್ಸಿನ ನೆಲದಲ್ಲಿ ಇಳಿಸಿತು. ನಿಸ್ತಂತು ಯಂತ್ರದೊಡನೆ ಆ ದೇಶಕ್ಕೆ ಬ್ರಿಟಿಷರು ಕಳುಹಿಸಿದ ಮೊದಲ ಮಹಿಳೆ ಈಕೆ. ಇಂಥ ಕೆಲಸಕ್ಕೆ ಹೋದವರು ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕವಿದ್ದ ಕಾಲ. ಬಂದ ಕೆಲವೇ ದಿನಗಳಲ್ಲಿ ಸಂಗಡಿಗರ ಗುಂಪೆಲ್ಲ ಸೆರೆಯಾಯಿತು. ಹಿಂದಿರುಗೆಂಬ ಲಂಡನ್ನಿನ ಸೂಚನೆಯನ್ನು ಒಪ್ಪದೆ ನೂರ್ ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು ಅಕ್ಟೋಬರಿನವರೆಗೂ ವಾರ್ತೆಗಳನ್ನು ಕಳುಹಿಸುತ್ತಿದ್ದರು. ಕೊನೆಗೆ ದ್ರೋಹಕ್ಕೆ ಸಿಕ್ಕಿ ಸೆರೆಯಾದರು. ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಯೋಗ್ಯವಲ್ಲ. ತಾವು ಕಳುಹಿಸಿದ ವಾರ್ತೆಗಳ ಪ್ರತಿಗಳನ್ನು ಅವರು ಇಟ್ಟುಕೊಂಡಿದ್ದರು. ಜರ್ಮನರು ಆ ಪುಸ್ತಕದ ಬಲದಿಂದ ಅವರ ಹೆಸರಿನಲ್ಲೇ ಲಂಡನ್ನಿನೊಡನೆ ಮಾತನಾಡಿದರು. ಅಲ್ಲಿದ್ದ ಮೇಲಧಿಕಾರಿಗಳು ಅದನ್ನು ನಂಬಿ ಮತ್ತಷ್ಟು ಜನರನ್ನು ಬಲೆಗೆ ಕಳುಹಿಸಿದರು. ಇದರಲ್ಲಿ ಅನನುಭವದ ತರುಣಿಯ ಪಾಲೆಷ್ಟು, ಸುರಕ್ಷಿತ ಮೇಜುಗಳ ಹಿಂದೆ ಕುಳಿತವರ ಪಾಲೆಷ್ಟು ಎಂಬುದರಲ್ಲಿ ನಮಗಂತೂ ಸಂದೇಹವಿಲ್ಲ. ವಿಚಾರಣೆಯಲ್ಲಿ ಆಕೆ ಬಾಯಿ ಬಿಡಲಿಲ್ಲ.

1943ರ ನವೆಂಬರ್ 25ರಂದು ಸೆರೆಯ ಮನೆಯ ಮಾಡನ್ನೇರಿ ಇಬ್ಬರು ಸಂಗಡಿಗರೊಡನೆ ಆಕೆ ತಪ್ಪಿಸಿಕೊಂಡರು. ಅದೇ ವೇಳೆಗೆ ವಿಮಾನದಾಳಿಯ ಎಚ್ಚರಿಕೆ ಮೊಳಗಿತು. ಅಂಥ ಸಮಯದಲ್ಲಿ ಕೈದಿಗಳ ತಲೆಯೆಣಿಸುವುದು ಅಲ್ಲಿನ ನಿಯಮ. ಎಣಿಸಿದರು, ಮೂವರು ಕಡಮೆ. ಯಾವ ಪಡೆಗಾಗಿ ಆಕೆ ದುಡಿದರೋ ಆ ಪಡೆಯ ದಾಳಿಯ ಭಯವೇ ಆಕೆಯನ್ನು ಹಿಡಿದುಕೊಟ್ಟಿತು. ಮುಂದೆ ಜರ್ಮನಿಯ ಸೆರೆಮನೆಯೊಂದರಲ್ಲಿ ಸರಪಳಿಯೊಡನೆ ಏಕಾಂತವಾಸ. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಬೇರೆ ಮೂವರು ಮಹಿಳೆಯರೊಡನೆ ಮರಣ. ಆಗ ಮೂವತ್ತು ವರ್ಷ. ಫ್ರಾನ್ಸ್ ತನ್ನ ಯುದ್ಧಶಿಲುಬೆಯನ್ನೂ, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ಆ ಹೆಸರಿಗೆ ಕೊಟ್ಟವು.

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಆ ಬಂಡೆಗಳ ಬುಡದಲ್ಲಿ ಪಾಳೆಯ ಬಿಟ್ಟಿದ್ದುದರಿಂದ ಬಂದ ಹೆಸರದು. ಆ ಋಣವನ್ನು ಒಂದೂವರೆ ಶತಮಾನದ ಬಳಿಕ ಅದೇ ವಂಶದ ಹೆಣ್ಣುಮಗಳು ತೀರಿಸಿದಳೆಂದು ಹೇಳಿದರೆ ಅದು ಕಾವ್ಯವಾದೀತು, ಚರಿತ್ರೆಯಾಗದು. ಆದರೂ ಪಾಂಡವಪುರದ ಹುಡುಗರಿಗೆ ಈ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದು ಬೇಕೆ?

ಈಗ ಮುಖ್ಯ ಪ್ರಶ್ನೆ. ನಮ್ಮನ್ನು ಆಳುತ್ತಿದ್ದ ಪರಕೀಯರ ಸಮವಸ್ತ್ರ ಧರಿಸಿ ಸತ್ತವರನ್ನು ನಾವು ಏಕೆ ಸ್ಮರಿಸಬೇಕು? 1938ರಲ್ಲಿ ಶಿವಪುರದಲ್ಲಿ ಧ್ವಜವೇರಿಸಿದ ಜನರ ಜಿಲ್ಲೆ ಇದು. 1942ರಲ್ಲಿ ದೇಶದ ನಾಯಕರೆಲ್ಲ ಸೆರೆಮನೆಯಲ್ಲಿದ್ದಾಗ, ಯುದ್ಧದ ಕೊನೆಯ ವೇಳೆಗೆ ಸುಮಾರು 25 ಲಕ್ಷಕ್ಕೆ ಬೆಳೆದ ಭಾರತೀಯ ಸೈನ್ಯವು ಬ್ರಿಟಿಷ್ ಚಕ್ರವರ್ತಿಯ ಹೆಸರಿನಲ್ಲಿ ಹೋರಾಡುತ್ತಿತ್ತು. ಹೊಟ್ಟೆಪಾಡಿಗೆ ಹೋದವರಿದ್ದರು, ಸಾಹಸಕ್ಕೆ ಹೋದವರಿದ್ದರು, ಹಿಟ್ಲರನ ಅನ್ಯಾಯವನ್ನು ಸಹಿಸದೆ ಹೋದವರೂ ಇದ್ದರು. ಸ್ವಾತಂತ್ರ್ಯಾನಂತರ ಸತ್ಯಾಗ್ರಹಿಗಳ ಪಟ್ಟಿ ಸಿದ್ಧವಾಯಿತು, ಅದು ನ್ಯಾಯವೇ. ಈ ಇನ್ನೊಂದು ಪಟ್ಟಿಯನ್ನು ಮುಟ್ಟಲು ಮಾತ್ರ ನಾವು ಸಂಕೋಚಪಟ್ಟೆವು.

ಸ್ಮರಣೆಯೂ ಸಮ್ಮತಿಯೂ ಒಂದಲ್ಲ. ಇಂಗ್ಲೆಂಡಿನಲ್ಲೇ ಬಾಂಬು ವಿಮಾನ ಪಡೆಯ 55,573 ಜನ ಸತ್ತಿದ್ದರೂ, ಹ್ಯಾಂಬರ್ಗ್, ಡ್ರೆಸ್ಡೆನ್ ಮುಂತಾದ ನಗರಗಳಲ್ಲಿ ಹೆಂಗಸರು ಮಕ್ಕಳು ಬೆಂದುಹೋದುದರ ನೆನಪಿನಿಂದ, ಲಂಡನ್ನಿನಲ್ಲಿ ಆ ಪಡೆಗೊಂದು ಸ್ಮಾರಕ ಏಳಲು 2012ರವರೆಗೆ ಕಾಯಬೇಕಾಯಿತು. ಅದೇ ವರ್ಷ ನೂರ್ ಅವರ ಪ್ರತಿಮೆಯೂ ಆ ನಗರದ ಗಾರ್ಡನ್ ಚೌಕದಲ್ಲಿ ನಿಂತಿತು. ಬಾಂಬು ಬಿದ್ದ ಊರಿನ ದುಃಖವನ್ನೂ ಬಾಂಬು ಹೊತ್ತ ಹುಡುಗನ ಸಾವನ್ನೂ ಒಟ್ಟಿಗೆ ನೆನೆಯಲು ಅವರಿಗೆ ಅಷ್ಟು ಕಾಲ ಹಿಡಿಯಿತು. ನಮಗೂ ಹಿಡಿದಿದೆ. ಮೈಸೂರಿನ ಧನಸಹಾಯದಿಂದ ಬ್ರಿಟಿಷರ 129ನೆಯ ವಿಮಾನದಳಕ್ಕೆ ಮೈಸೂರು ಎಂಬ ಹೆಸರೂ ಗಂಡಭೇರುಂಡದ ಲಾಂಛನವೂ ಬಂದವು. ಕೋಲಾರದ ಬಯಲಿನಿಂದ ಲಿಬರೇಟರ್ ಬಾಂಬು ವಿಮಾನಗಳು ಹಾರಿದವು. ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ಯುದ್ಧಕಾಲದಲ್ಲಿ ವಿಮಾನಗಳನ್ನು ದುರಸ್ತಿ ಮಾಡಿ, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ತ್ಯಜಿಸಿಹೋದ ಲಿಬರೇಟರುಗಳನ್ನೇ ಸ್ವತಂತ್ರ ಭಾರತದ ವಾಯುಸೇನೆಗೆ ಸಜ್ಜುಗೊಳಿಸಿದರು. ದಳದ ಸಂಖ್ಯೆಯೂ ಲಾಂಛನವೂ ನಮಗೆ ಗೊತ್ತು. ಮನುಷ್ಯರ ಹೆಸರುಗಳನ್ನು ಕೇಳಿದರೆ ತಡವರಿಸುತ್ತೇವೆ.

ಆದಕಾರಣ ಪಾಂಡವಪುರ ಉಪವಿಭಾಗದ ಅಧಿಕಾರಿಗಳ ಮುಂದೆ ನಾವು ಒಂದು ಸೂಚನೆಯನ್ನು ಇಡುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಎರಡು ಮಹಾಯುದ್ಧಗಳಿಗೆ ಹೋದವರ ಹೆಸರುಗಳನ್ನು ಗ್ರಾಮವಾರು ಸಂಗ್ರಹಿಸಬೇಕು. ಕಾಲಾಳು, ವಿಮಾನ ಸಿಬ್ಬಂದಿ, ಅಡಿಗೆಯವ, ಲಾರಿ ನಡೆಸಿದವ ಎಂಬ ಭೇದ ಬೇಡ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಗಳು ಯಾರು ಬೇಕಾದರೂ ನೋಡಲು ತೆರೆದಿವೆ. ಪೂರ್ವದ ರಣರಂಗದಲ್ಲಿ ಕಣ್ಮರೆಯಾದ ಅನೇಕರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿವೆ. ಮನೆಗಳಲ್ಲಿರುವ ಪೆನ್ಷನ್ ಕಾಗದ, ಪದಕ, ಪೋಟೋ, ತಂತಿವಾರ್ತೆಗಳನ್ನು ಕೇಳಿ ನೋಡಿ ಹಿಂದಿರುಗಿಸುವ ಕೆಲಸವನ್ನು ಪ್ರೌಢಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಸೈನಿಕ ಕಲ್ಯಾಣ ಇಲಾಖೆಯವರೊಡನೆ ಸೇರಿ ಒಂದು ಬೇಸಗೆಯಲ್ಲಿ ಮುಗಿಸಬಹುದು. ಗಂಡನನ್ನೋ ಅಣ್ಣನನ್ನೋ ಕಳುಹಿಸಿಕೊಟ್ಟ ದಿನವನ್ನು ಹೇಳಬಲ್ಲ ಮುದುಕಿಯರು ಇನ್ನು ಬೆರಳೆಣಿಕೆಯಷ್ಟು. ಕಾರ್ಯವು ಮುಂದಿನ ಆಯವ್ಯಯಕ್ಕಾಗಿ ಕಾಯುವಂಥದಲ್ಲ. ಪಟ್ಟಿಯ ಮೊದಲ ಪ್ರತಿಯನ್ನು ಶ್ರೀರಂಗಪಟ್ಟಣದಲ್ಲಿ ಸೆಪ್ಟೆಂಬರ್ 13ರಂದು ಬಹಿರಂಗವಾಗಿ ಓದಲಿ.